ಮೂರನೇ ತರಗತಿಯವರು ಬೀದಿ ಅಳೆದ ಏಳು ವಾರ

ಮೂರನೇ ತರಗತಿಯ 32 ಮಕ್ಕಳು ಶಾಲೆಯ ಸುತ್ತಲಿನ ನಾಲ್ಕು ಬೀದಿಗಳ ನಕ್ಷೆಯನ್ನು ಕಳೆದ ವಾರ ಮುಗಿಸಿದರು. ಯೋಜನೆಯ ಪುಸ್ತಕದಲ್ಲಿ ನಾವು ಬರೆದುಕೊಂಡಿದ್ದು ನಾಲ್ಕು ವಾರ, 40 ನಿಮಿಷದ 12 ಅವಧಿ. ಹಿಡಿದಿದ್ದು ಏಳು ವಾರ, 23 ಅವಧಿ. ವಾರಗಳು ತಿಂದುಹೋಗಿದ್ದು ಒಪ್ಪಿಗೆ ಪತ್ರಗಳಿಗೆ ಕಾಯುವುದರಲ್ಲಿ. ಅವಧಿಗಳು ಹೋಗಿದ್ದು ಒಂದಕ್ಕೊಂದು ಕೂಡದ ಹಾಳೆಗಳನ್ನು ಕೂಡಿಸುವುದರಲ್ಲಿ. ಮುಂದಿನ ಸಲ ಇದೇ ಕೆಲಸಕ್ಕೆ ಇಳಿಯುವವರಿಗೆ ಎಲ್ಲೆಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇವೆ.

ಮೊದಲ ದಿನ ಏನನ್ನೂ ಹೇಳಿಕೊಡಬಾರದು ಅಂತ ತೀರ್ಮಾನಿಸಿದ್ದೆವು. ಒಬ್ಬೊಬ್ಬರಿಗೂ ಒಂದು ಖಾಲಿ ಎ4 ಹಾಳೆ, ಪೆನ್ಸಿಲು, 20 ನಿಮಿಷ. ರಬ್ಬರ್ ಇಲ್ಲ. 'ಮನೆಯಿಂದ ಶಾಲೆಗೆ ಬರೋ ದಾರಿ ಬರೀರಿ' ಅಂದೆವು, ಅಷ್ಟೇ. ನಕ್ಷೆ ಎಂಬ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಪುಸ್ತಕದಲ್ಲಿ ನೋಡಿದ ನಕ್ಷೆಯನ್ನು ನೆನಪು ಮಾಡಿಕೊಂಡು ಬರೆಯುತ್ತಾರೆ, ತಮ್ಮ ದಾರಿಯನ್ನಲ್ಲ. ಹಾಳೆಯ ಹಿಂದೆ ಹೆಸರು, ತಾರೀಕು, ನಡೆದು ಬರುತ್ತಾರೋ ವಾಹನದಲ್ಲೋ ಎಂಬುದನ್ನು ಬರೆಸಿಕೊಂಡೆವು.

ಬಂದ ಚಿತ್ರಗಳು ನಿರೀಕ್ಷಿಸಿದ ಹಾಗೇ ಇದ್ದವು. ತಿರುವೇ ಇಲ್ಲದ ರಸ್ತೆ ರಿಬ್ಬನ್ನಿನಂತೆ ಹಾಳೆಯ ಈ ತುದಿಯಿಂದ ಆ ತುದಿಗೆ. ರಸ್ತೆಯ ಒಂದು ಬದಿಯ ಮನೆಗಳು ನೆಟ್ಟಗೆ ನಿಂತಿವೆ, ಇನ್ನೊಂದು ಬದಿಯವು ತಲೆಕೆಳಗು. ಸ್ವಂತ ಮನೆ ಶಾಲೆಯಷ್ಟೇ ದೊಡ್ಡದು. ವಾಹನದಲ್ಲಿ ಬರುವ ಬಹುತೇಕ ಮಕ್ಕಳ ಹಾಳೆಯಲ್ಲಿ ಎರಡು ಕಟ್ಟಡ, ನಡುವೆ ಒಂದು ಗೆರೆ. ನಡೆದು ಬರುವ ಒಬ್ಬ ಹುಡುಗಿಯ ಹಾಳೆಯಲ್ಲಿ ಮಾತ್ರ ಒಂದು ಗೋಡೆ, ಅದರ ಬುಡದಲ್ಲಿ ಮಲಗಿದ ಮೂರು ನಾಯಿ. ಮೂರಕ್ಕೂ ಬೇರೆ ಬೇರೆ ಚುಕ್ಕೆ. ಮನೆ, ಶಾಲೆ ಎರಡೂ ಹಾಳೆಯ ಅಂಚಿಗೆ ಸರಿದುಹೋಗಿದ್ದವು. ಅವಳ ದಾರಿಯೆಂದರೆ ಆ ನಾಯಿಗಳನ್ನು ದಾಟುವುದು.

ಈ ಹಾಳೆಗಳನ್ನು ತಿದ್ದಬೇಡಿ, ಗೋಡೆಗೂ ಅಂಟಿಸಬೇಡಿ. ಅಂಟಿಸಿದರೆ ಚೆನ್ನಾಗಿ ಬರೆದವರದ್ದನ್ನು ಉಳಿದವರು ನಕಲು ಮಾಡುತ್ತಾರೆ, ಕೊನೆಯಲ್ಲಿ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಕವರಿಗೆ ಹಾಕಿ ಬೀರುವಿನಲ್ಲಿ ಇಡಿ.

ಮೇಲಿನಿಂದ ನೋಡಿದರೆ ವಸ್ತು ಹೇಗೆ ಕಾಣುತ್ತದೆ ಎಂಬುದೇ ಎಂಟು ವರ್ಷದವರಿಗೆ ಇದರಲ್ಲಿ ನಿಜವಾದ ಕಷ್ಟ. ಮಕ್ಕಳ ಮನಶ್ಶಾಸ್ತ್ರಜ್ಞರಾದ ಪಿಯಾಜೆ ಮತ್ತು ಇನ್‌ಹೆಲ್ಡರ್ 1948ರಲ್ಲಿ ಪ್ರಕಟಿಸಿದ ಮೂರು ಬೆಟ್ಟಗಳ ಪ್ರಯೋಗವನ್ನು ತರಬೇತಿಯಲ್ಲಿ ಎಲ್ಲರೂ ಓದಿರುತ್ತೀರಿ. ಮೇಜಿನ ಆಚೆ ಬದಿಯಲ್ಲಿ ಕೂತ ಗೊಂಬೆಗೆ ಬೆಟ್ಟಗಳು ಹೇಗೆ ಕಾಣುತ್ತವೆ ಅಂತ ಕೇಳಿದರೆ ಚಿಕ್ಕ ಮಕ್ಕಳು ತಮಗೆ ಕಾಣುವುದನ್ನೇ ತೋರಿಸಿದರು. ಅದನ್ನೇ ಹಿಡಿದುಕೊಂಡು 'ಈ ವಯಸ್ಸಿಗೆ ಆಗಲ್ಲ' ಎಂದು ಕೈಬಿಡುವುದೂ ತಪ್ಪು. ಆಮೇಲೆ ಬಂದ ಪ್ರಯೋಗಗಳಲ್ಲಿ ಅದೇ ಪ್ರಶ್ನೆಯನ್ನು ಪೊಲೀಸ್ ಗೊಂಬೆಯ ಕಣ್ಣಿಗೆ ಬೀಳದ ಹಾಗೆ ಹುಡುಗನ ಗೊಂಬೆಯನ್ನು ಬಚ್ಚಿಡುವ ಆಟವಾಗಿಸಿದಾಗ ಅದಕ್ಕಿಂತ ಚಿಕ್ಕ ಮಕ್ಕಳೇ ಸರಿಯಾಗಿ ಹೇಳಿದರು. ಹಾಗಾಗಿ ವಿವರಣೆ ಬಿಟ್ಟು ಆಟಕ್ಕೆ ಇಳಿದೆವು.

ನೆಲದ ಮೇಲೆ ಹಾಳೆ ಹಾಸಿ, ಅದರ ಮೇಲೆ ಡಸ್ಟರ್, ಲೋಟ, ಸೀಮೆಸುಣ್ಣದ ಡಬ್ಬಿ, ನೀರಿನ ಬಾಟಲಿ ಇಟ್ಟು ಸುತ್ತ ಗೆರೆ ಎಳೆಸಿದೆವು. ವಸ್ತುಗಳನ್ನು ಎತ್ತಿದಾಗ ಉಳಿಯುವ ಗುರುತೇ ಅದರ ನಕ್ಷೆ. ಬಾಟಲಿ ಎತ್ತಿದ ಕೂಡಲೇ ಒಬ್ಬ ಕೇಳಿದ: 'ಮಿಸ್, ಬಾಟ್ಲಿ ಎಲ್ಲೋಯ್ತು? ಬರೀ ಸೊನ್ನೆ ಇದೆ.' ಪಕ್ಕದವಳು ಸೊನ್ನೆಗೆ ಕುತ್ತಿಗೆ, ಮುಚ್ಚಳ ಸೇರಿಸಿ 'ಸರಿ' ಮಾಡಿಬಿಟ್ಟಳು. ಬಾಟಲಿಯನ್ನು ಮತ್ತೆ ಅದರ ಮೇಲೆ ನಿಲ್ಲಿಸಿ, ಸ್ಟೂಲಿನ ಮೇಲೆ ಹತ್ತಿಸಿ ನೋಡಿಸಿದ ಮೇಲೆ ಅವಳೇ ಕುತ್ತಿಗೆ ಹೊಡೆದು ಹಾಕಿದಳು. ಈ ಒಂದು ಆಟಕ್ಕೆ ಎರಡು ಅವಧಿ ಕೊಡಿ. ಇಲ್ಲಿ ಅವಸರ ಮಾಡಿದರೆ ಬೀದಿಯ ನಕ್ಷೆಯಲ್ಲಿ ಮರಗಳೆಲ್ಲ ಮಲಗಿರುತ್ತವೆ.

ಆಮೇಲೆ ತರಗತಿಯ ಕೋಣೆ. ಬೀದಿಗೆ ಹೊರಡುವ ಮೊದಲು ಕೋಣೆಯನ್ನೇ ನಕ್ಷೆ ಮಾಡಿಸಬೇಕು ಅಂತ ನಾವು ಗಟ್ಟಿಯಾಗಿ ಹೇಳುತ್ತೇವೆ. ಕಾರಣ ಸರಳ: ಕೋಣೆಯ ನಕ್ಷೆ ತಪ್ಪಾದರೆ ಮಗು ತಲೆ ಎತ್ತಿ ನೋಡಿ ತಾನೇ ಹಿಡಿಯುತ್ತದೆ. ಬೀದಿಯದ್ದು ತಪ್ಪಾದರೆ ಟೀಚರ್ ಹೇಳಬೇಕು.

ಅಳತೆ ಗೇಣಿನಿಂದ ಶುರುವಾಯಿತು. ಕೋಣೆಯ ಉದ್ದದ ಗೋಡೆಯನ್ನು ನಾಲ್ವರು ಗೇಣು ಹಾಕಿದರು. 50, 53, 57 ಬಂತು, ಒಬ್ಬನಿಗೆ 71. ಕೊನೆಯವನು ಗೇಣಿಗೂ ಗೇಣಿಗೂ ನಡುವೆ ಕೈ ಹಿಂದಕ್ಕೆ ಸರಿಸುತ್ತಿದ್ದ. ಉಳಿದ ಮೂವರದು ತಪ್ಪಲ್ಲ, ಕೈಗಳೇ ಬೇರೆ. 'ಹಾಗಾದ್ರೆ ಯಾರ ಗೇಣು ಇಟ್ಕೊಳ್ಳೋದು?' ಎಂಬ ಜಗಳ ಹತ್ತು ನಿಮಿಷ ನಡೆಯಿತು. ನಡೆಯಲು ಬಿಟ್ಟೆವು. ಟೇಪು ತೆಗೆದಾಗ ಯಾರೂ 'ಯಾಕೆ' ಎಂದು ಕೇಳಲಿಲ್ಲ. ಕೋಣೆ 8 ಮೀಟರ್ ಉದ್ದ, 6 ಮೀಟರ್ ಅಗಲ. 20ಕ್ಕೆ 1ರ ಪ್ರಮಾಣದಲ್ಲಿ ಹಾಳೆಯ ಮೇಲೆ 40 ಸೆಂ.ಮೀ., 30 ಸೆಂ.ಮೀ. ಡೆಸ್ಕು 100 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ. ರಟ್ಟಿನಲ್ಲಿ 5ಕ್ಕೆ 2 ಸೆಂ.ಮೀ.ನ 16 ತುಂಡು ಕತ್ತರಿಸಿದೆವು. 20ರ ಪ್ರಮಾಣ ಯಾಕೆಂದರೆ 1 ಮೀಟರಿಗೆ ಸರಿಯಾಗಿ 5 ಸೆಂ.ಮೀ., ಮೂರನೇ ತರಗತಿಯ ಐದರ ಮಗ್ಗಿಗೆ ಎಟುಕುತ್ತದೆ. 30 ತೆಗೆದುಕೊಂಡರೆ ಲೆಕ್ಕ ಮಾಡುವುದು ಟೀಚರೇ.

ಡೆಸ್ಕಿನ ತುಂಡುಗಳನ್ನು ಕೂಡಲೇ ಗೋಂದು ಹಾಕಿ ಅಂಟಿಸಬೇಡಿ. ನಾವು ಎರಡು ವಾರ ಹಾಗೇ ಸಡಿಲವಾಗಿ ಬಿಟ್ಟೆವು. ಬೆಳಗ್ಗೆ ಡೆಸ್ಕು ಜರುಗಿದರೆ ಹಾಳೆಯ ಮೇಲೂ ಜರುಗಿಸುವುದು ಒಬ್ಬರ ಪಾಳಿ. ಇನ್ನೊಂದು ಮಾತು: ಹಾಳೆಯನ್ನು ಗೋಡೆಗೆ ಹಾಕದೆ ನೆಲದ ಮೇಲೆ, ಹಾಳೆಯ ಬಾಗಿಲು ನಿಜವಾದ ಬಾಗಿಲಿನ ಕಡೆಗೆ ಇರುವಂತೆ ಇಡಿ. ಒಂದು ಡೆಸ್ಕಿನ ಕೆಳಗೆ ಸೀಮೆಸುಣ್ಣ ಬಚ್ಚಿಟ್ಟು, ಹಾಳೆಯ ಮೇಲೆ ಆ ಜಾಗಕ್ಕೆ ಒಂದು ಗುಂಡಿ ಇಟ್ಟು, ಹೊರಗೆ ನಿಂತವರನ್ನು ಕರೆದು ಹುಡುಕಿಸಿದೆವು. ಹಾಳೆ ಸರಿಯಾದ ದಿಕ್ಕಿನಲ್ಲಿದ್ದಾಗ ಹೆಚ್ಚಿನವರು ನೇರ ಹೋಗಿ ತೆಗೆದರು. ಅದೇ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ಎದುರು ಮೂಲೆಗೆ ಓಡಿದರು. ಗೋಡೆಗೆ ಹಾಕಿದ ನಕ್ಷೆಯಲ್ಲಿ ಉತ್ತರ ದಿಕ್ಕೆಂದರೆ 'ಮೇಲೆ', ಅಂದರೆ ಚಾವಣಿ ಎಂದುಕೊಳ್ಳುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಕೋಣೆಯ ನಕ್ಷೆಯಿಂದ ನಾವು ಯೋಚಿಸದೇ ಇದ್ದ ಒಂದು ಉಪಯೋಗ ಆಯಿತು. ಪ್ರತಿಯೊಬ್ಬರಿಗೂ ಮೂರು ಬಣ್ಣದ ಚುಕ್ಕೆ ಕೊಟ್ಟೆವು: ನೂಕುನುಗ್ಗಲಾಗುವ ಜಾಗಕ್ಕೆ ಕೆಂಪು, ಕೂರಲು ಇಷ್ಟವಾದ ಜಾಗಕ್ಕೆ ಹಸಿರು, ಹಲಗೆ ಸರಿಯಾಗಿ ಕಾಣದ ಜಾಗಕ್ಕೆ ನೀಲಿ. ಒಬ್ಬೊಬ್ಬರಾಗಿ ಬಂದು, ಬೇರೆಯವರು ನೋಡದ ಹಾಗೆ, ಅಂಟಿಸಬೇಕು. ಕೆಂಪು ಚುಕ್ಕೆ ಬಾಗಿಲ ಬಳಿ ಬೀಳುತ್ತವೆ ಎಂದುಕೊಂಡಿದ್ದೆವು. ಅರ್ಧಕ್ಕಿಂತ ಹೆಚ್ಚು ಬಿದ್ದಿದ್ದು ನೀರಿನ ಬಾಟಲಿ ಇಡುವ ಕಪಾಟಿನ ಮುಂದೆ. ಅಲ್ಲಿ ಕಪಾಟಿಗೂ ಮೊದಲ ಡೆಸ್ಕಿಗೂ ನಡುವೆ ಹಾಳೆಯ ಮೇಲೆ ಬರೀ 2 ಸೆಂ.ಮೀ., ನೆಲದ ಮೇಲೆ 40. ನೀಲಿ ಚುಕ್ಕೆಗಳು ಗುಂಪಾಗಿದ್ದು ಹಿಂದಿನ ಸಾಲಿನಲ್ಲಲ್ಲ, ಗೋಡೆ ಬದಿಯ ಎರಡನೇ, ಮೂರನೇ ಡೆಸ್ಕಿನ ಮೇಲೆ. ಅಲ್ಲಿ ಕೂತು ನೋಡಿದಾಗ ಗೊತ್ತಾಯಿತು, ಹನ್ನೊಂದರ ಹೊತ್ತಿಗೆ ಎದುರು ಕಿಟಕಿಯ ಬೆಳಕು ಹಲಗೆಗೆ ಬಡಿದು ಆ ಎರಡು ಡೆಸ್ಕಿಗೇ ಹೊಳೆಯುತ್ತದೆ. ಅಲ್ಲಿ ಕೂರುವ ನಾಲ್ವರಲ್ಲಿ ಇಬ್ಬರ ಬಗ್ಗೆ 'ನೋಡಿ ಬರೆಯುವಾಗ ಗಮನ ಇಲ್ಲ' ಅಂತ ನಾವೇ ವರದಿ ಬರೆದಿದ್ದೆವು. ಮಕ್ಕಳು ಮೊದಲು ರಟ್ಟಿನ ತುಂಡುಗಳನ್ನು ಜರುಗಿಸಿ ಮೂರು ಬಗೆಯ ಜೋಡಣೆ ಮಾಡಿ ನೋಡಿದರು, ಒಂದನ್ನು ಒಪ್ಪಿಕೊಂಡು ಡೆಸ್ಕು ಎತ್ತಿಟ್ಟರು. ಕಪಾಟು ಹಿಂದಿನ ಗೋಡೆಗೆ ಹೋಯಿತು.

ಇಷ್ಟು ಹೊತ್ತಿಗೆ ಎರಡು ವಾರ ಆಗಿತ್ತು, ಹೊರಗೆ ಹೋಗಲು ಪತ್ರಗಳು ಬಂದಿರಲಿಲ್ಲ. ತಪ್ಪು ನಮ್ಮದೇ. ಒಂದೇ ಪತ್ರದಲ್ಲಿ ಹೊರಗೆ ನಡೆಯಲು, ಫೋಟೊ ತೆಗೆಯಲು ಎರಡಕ್ಕೂ ಒಪ್ಪಿಗೆ ಕೇಳಿ, ಕೆಳಗೆ ಒಂದೇ ಸಹಿ ಇಟ್ಟಿದ್ದೆವು. ಫೋಟೊ ಬೇಡ ಎನ್ನುವವರು ಇಡೀ ಪತ್ರಕ್ಕೇ ಸಹಿ ಮಾಡಲಿಲ್ಲ. ಮೊದಲ ವಾರ 32ರಲ್ಲಿ 19 ಬಂತು. ಬಾರದಿರುವವರಿಗೆ ಕರೆ ಮಾಡಿದಾಗ 'ನಡಿಯೋದಕ್ಕೆ ಏನೂ ತೊಂದ್ರೆ ಇಲ್ಲ ಮೇಡಂ, ಫೋಟೊ ಎಲ್ಲಿ ಹಾಕ್ತೀರಾ ಅಂತ ಗೊತ್ತಾಗ್ಲಿಲ್ಲ' ಎನ್ನುವ ಉತ್ತರವೇ ಹೆಚ್ಚು. ಎರಡನ್ನೂ ಬೇರೆ ಮಾಡಿ, ಬೇರೆ ಬೇರೆ ಚೌಕ ಹಾಕಿ ಮತ್ತೆ ಕಳಿಸಿದಾಗ ನಾಲ್ಕು ದಿನದಲ್ಲಿ 31 ಬಂದವು. ಉಳಿದ ಒಂದು ಚೀಲದ ತಳದಲ್ಲಿ, ಎರಡು ವಾರದಿಂದ.

ಪತ್ರದಲ್ಲಿ ಇರಲೇಬೇಕಾದ ವಿವರ: ದಿನ, ಹೊರಡುವ ಮತ್ತು ಮರಳುವ ಹೊತ್ತು, ದಾರಿ, ಎಷ್ಟು ರಸ್ತೆ ದಾಟಬೇಕು, ಜೊತೆಗೆ ಯಾರು, ಮಳೆ ಬಂದರೆ ಬದಲಿ ದಿನ ಯಾವುದು. ಮನೆಯವರು ತುಂಬಬೇಕಾದದ್ದು: ಉಬ್ಬಸ, ಫಿಟ್ಸ್, ಜೇನುನೊಣ ಕಚ್ಚಿದರೆ ಮೈ ಊದಿಕೊಳ್ಳುವುದು, ಇಂಥವೇನಾದರೂ ಇದೆಯೇ, ಆ ಹೊತ್ತಿನಲ್ಲಿ ಸಿಗುವ ಫೋನ್ ಸಂಖ್ಯೆ. 'ಆ ಹೊತ್ತಿನಲ್ಲಿ ಸಿಗುವ' ಎಂದೇ ಬರೆಯಿರಿ. ದಾಖಲಾತಿ ಪುಸ್ತಕದ ಸಂಖ್ಯೆಗಳಲ್ಲಿ ಎಷ್ಟೋ ಬದಲಾಗಿರುತ್ತವೆ.

ದೊಡ್ಡವರ ಲೆಕ್ಕವೂ ತಪ್ಪಿತು. ಎಂಟು ಮಕ್ಕಳ ನಾಲ್ಕು ಗುಂಪು, ಗುಂಪಿಗೆ ಇಬ್ಬರು ದೊಡ್ಡವರು, ಒಟ್ಟು ಎಂಟು ಜನ ಬೇಕು ಅಂತ ಹಾಕಿದ್ದೆವು. ಐದು ಪೋಷಕರು ಬರುತ್ತೇವೆಂದರು, ಹಿಂದಿನ ದಿನ ಸಂಜೆಗೆ ಮೂವರು ಉಳಿದರು. ರದ್ದು ಮಾಡುವ ಬದಲು ಎರಡು ದಿನಕ್ಕೆ ಒಡೆದೆವು: ದಿನಕ್ಕೆ 16 ಮಕ್ಕಳು, ಇಬ್ಬರು ಶಿಕ್ಷಕಿಯರು, ಇಬ್ಬರು ಪೋಷಕರು. ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ, ಇಬ್ಬರು ಗುಂಪಿನ ಜೊತೆ. ಶಾಲೆಯಲ್ಲಿ ಉಳಿದ 16 ಮಕ್ಕಳನ್ನು ಪಕ್ಕದ ತರಗತಿ ನೋಡಿಕೊಂಡಿತು. ಹಿಂತಿರುಗಿ ನೋಡಿದರೆ ಮೊದಲೇ ಹೀಗೆ ಮಾಡಬೇಕಿತ್ತು. 32 ಮಕ್ಕಳ ಸಾಲು ಒಂದೇ ಸಲಕ್ಕೆ ರಸ್ತೆ ದಾಟುವುದಿಲ್ಲ, ನಡುವೆ ತುಂಡಾಗುತ್ತದೆ. ಪೋಷಕರಿಗೆ ಅವರ ಸ್ವಂತ ಮಗು ಇರುವ ಗುಂಪು ಕೊಡಬೇಡಿ. ಅವರ ಕಣ್ಣು ಒಂದೇ ಮಗುವಿನ ಮೇಲಿರುತ್ತದೆ.

ದಾರಿಯನ್ನು ಮೊದಲೇ ನಡೆದು ನೋಡಿದ್ದು ಮೂರು ಸಲ. ಎರಡು ಸಲ ಶಾಲೆ ಬಿಟ್ಟ ಮೇಲೆ ಸಂಜೆ, ಅದು ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಮೂರನೆಯ ಸಲ ಮಕ್ಕಳನ್ನು ಕರೆದೊಯ್ಯಬೇಕಾದ ಹೊತ್ತಿಗೇ ಹೋದಾಗ, ಎರಡನೇ ಬೀದಿಯಲ್ಲಿ ಸಾಮಾನು ಇಳಿಸುವ ಗಾಡಿ ಫುಟ್‌ಪಾತನ್ನು ಪೂರ್ತಿ ಆವರಿಸಿಕೊಂಡು ನಿಂತಿತ್ತು. ವಿಚಾರಿಸಿದರೆ ವಾರದಲ್ಲಿ ಮೂರು ದಿನ ಅದೇ ಹೊತ್ತಿಗೆ ಬರುತ್ತದಂತೆ. ದಿನ ಬದಲಿಸಿದೆವು. 16 ಮಕ್ಕಳು ದಾರಿಗೆ ಅಡ್ಡವಾಗದೆ ನೆರಳಲ್ಲಿ ನಿಲ್ಲಬಹುದಾದ ಜಾಗಗಳನ್ನೂ ಆಗಲೇ ಗುರುತು ಮಾಡಿಕೊಳ್ಳಿ, ಅಂಥ ಜಾಗ ಎಣಿಸಿದಷ್ಟೇ ಇರುತ್ತವೆ. ನಮಗೆ ಏಳು ಸಿಕ್ಕಿದವು. ಸುತ್ತು ಒಟ್ಟು 640 ಮೀಟರ್, ದೊಡ್ಡವರಿಗೆ ಹತ್ತು ನಿಮಿಷದ ನಡಿಗೆ. ಮಕ್ಕಳೊಂದಿಗೆ ಅಳೆದು, ನಿಂತು, ಬರೆದು ಮುಗಿಸಲು 75 ನಿಮಿಷ ಹಾಕಿದ್ದೆವು. ಮೊದಲ ದಿನ 90 ಆಯಿತು.

ಪತ್ರಕ್ಕೆ ಕಾಯುವ ದಿನಗಳಲ್ಲಿ ಎರಡು ಕೆಲಸ ಆಯಿತು. ಮೊದಲನೆಯದು ಹೆಜ್ಜೆ. ಮೈದಾನದಲ್ಲಿ 20 ಮೀಟರ್ ಹಗ್ಗ ಹಾಸಿ ಪ್ರತಿಯೊಬ್ಬರನ್ನೂ ಮೂರು ಸಲ ನಡೆಸಿ, ಹೆಜ್ಜೆ ಎಣಿಸಿ, ನಡುವಿನ ಸಂಖ್ಯೆ ಇಟ್ಟುಕೊಂಡೆವು. 38, 41, 40 ಬಂದರೆ 40, ಅಂದರೆ ಹೆಜ್ಜೆಗೆ ಅರ್ಧ ಮೀಟರ್. ಹಗ್ಗ ಕಂಡ ಕೂಡಲೇ ಮಕ್ಕಳು ಕಾಲು ಚಾಚಿ ನಡೆಯುತ್ತಾರೆ, ಮೊದಲ ಸಲದ ಲೆಕ್ಕ ಯಾವಾಗಲೂ ಸುಳ್ಳು. ಹರಟೆ ಹೊಡೆಯುತ್ತಾ ನಡೆಯಲು ಹೇಳಿ, ಎಣಿಸುವುದನ್ನು ಇನ್ನೊಬ್ಬರಿಗೆ ಬಿಡಿ. ನೂರರ ಒಳಗೆ ಎಣಿಕೆ ಬರುತ್ತದೆ ಎಂದುಕೊಂಡಿದ್ದೆವು. ಸಾಲಾಗಿ ಕೂತು ಹೇಳುವಾಗ ಬರುತ್ತದೆ, ನಡೆಯುತ್ತಾ ಎಣಿಸುವಾಗ ಎಪ್ಪತ್ತೊಂಬತ್ತು ಆದ ಮೇಲೆ ಎಷ್ಟೋ ಮಕ್ಕಳು ತೊಂಬತ್ತಕ್ಕೆ ಹಾರಿಬಿಡುತ್ತಾರೆ. ಕಿವಿಗೆ ಎಂಬತ್ತು, ತೊಂಬತ್ತು ಹತ್ತಿರ ಹತ್ತಿರ, ಎಪ್ಪತ್ತೊಂಬತ್ತಿನ ಒಳಗೇ 'ಒಂಬತ್ತು' ಕೂತಿದೆ. ಒಂದು ಜಿಗಿತಕ್ಕೆ ಐದು ಮೀಟರ್ ಹೆಚ್ಚಾಗುತ್ತದೆ. ಅದಕ್ಕೆ ನೂರರ ತನಕ ಎಣಿಸುವುದನ್ನೇ ಬಿಟ್ಟೆವು. 20 ಹೆಜ್ಜೆಗೆ ಒಂದು ಕಲ್ಲು ಬಲ ಜೇಬಿನಿಂದ ಎಡ ಜೇಬಿಗೆ, ಮತ್ತೆ ಒಂದರಿಂದ. ಒಂದು ಕಲ್ಲೆಂದರೆ ಹತ್ತು ಮೀಟರ್. ಜೇಬಿಲ್ಲದ ಬಟ್ಟೆಯವರಿಗೆ ಎರಡು ಚಿಕ್ಕ ಚೀಲ.

ಎರಡನೆಯದು ಉತ್ತರ ದಿಕ್ಕು. 'ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಂತರೆ ಎದುರು ಪೂರ್ವ' ಎಂಬುದು ಪಾಠದಲ್ಲಿ ಸರಿ, ನಕ್ಷೆಗೆ ಸಾಲದು. ಸೂರ್ಯ ಸರಿಯಾಗಿ ಪೂರ್ವದಲ್ಲೇ ಹುಟ್ಟುವುದು ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರ ಆಸುಪಾಸಿನಲ್ಲಿ ಮಾತ್ರ. ಜೂನ್, ಡಿಸೆಂಬರ್‌ಗಳಲ್ಲಿ ಸಮಭಾಜಕದ ಮೇಲೂ ಸುಮಾರು 23 ಡಿಗ್ರಿ ಆಚೀಚೆ ಇರುತ್ತದೆ, ಅಲ್ಲಿಂದ ದೂರ ಹೋದಷ್ಟೂ ಹೆಚ್ಚು. ಹಾಗಾಗಿ ನೆರಳಿನ ವಿಧಾನ. ಮಟ್ಟಸವಾದ ನೆಲದಲ್ಲಿ 50 ಸೆಂ.ಮೀ. ಕೋಲನ್ನು ತೂಗುಗುಂಡಿನ ದಾರ ಹಿಡಿದು ನೆಟ್ಟಗೆ ನಿಲ್ಲಿಸಿ. ಬೆಳಗ್ಗೆ ನೆರಳಿನ ತುದಿಗೆ ಗುರುತು ಹಾಕಿ, ಕೋಲನ್ನು ಕೇಂದ್ರವಾಗಿಟ್ಟುಕೊಂಡು ಆ ಗುರುತಿನ ಮೇಲೆ ಹಾಯುವಂತೆ ವೃತ್ತ ಎಳೆಯಿರಿ. ನೆರಳು ಮಧ್ಯಾಹ್ನಕ್ಕೆ ಕುಗ್ಗಿ, ಮತ್ತೆ ಬೆಳೆದು ವೃತ್ತವನ್ನು ಮುಟ್ಟಿದಾಗ ಎರಡನೇ ಗುರುತು. ಎರಡನ್ನೂ ಸೇರಿಸಿದರೆ ಪಶ್ಚಿಮ–ಪೂರ್ವ ಗೆರೆ, ಬೆಳಗಿನ ಗುರುತು ಪಶ್ಚಿಮ. ಆ ಗೆರೆಗೆ ಲಂಬವಾಗಿ ಎಳೆದದ್ದು ಉತ್ತರ–ದಕ್ಷಿಣ. ಸೂರ್ಯ ನೆತ್ತಿಗೇರುವ ಹೊತ್ತು 12:20 ಆಗಿದ್ದರೆ 10:20ರ ಗುರುತಿಗೆ ಜೋಡಿ ಸಿಗುವುದು 2:20ಕ್ಕೆ. ಮೊದಲ ದಿನ ಊಟದ ಬಿಡುವಿನಲ್ಲಿ ಯಾರೋ ಕೋಲು ಒದ್ದರು. ಎರಡನೇ ದಿನ ಸರಿಯಾದ ಹೊತ್ತಿಗೆ ಮೋಡ. ಮೂರನೇ ದಿನ ಬೆಳಗ್ಗೆ ಅರ್ಧರ್ಧ ಗಂಟೆಗೆ ಒಂದರಂತೆ ಮೂರು ವೃತ್ತ ಎಳೆದಿಟ್ಟೆವು. ಎರಡಕ್ಕೆ ಜೋಡಿ ಸಿಕ್ಕಿತು, ಗೆರೆಗಳು ಸಮಾನಾಂತರವಾಗಿ ಬಂದವು.

ದಿಕ್ಸೂಚಿ ಇದ್ದರೆ ಇದೆಲ್ಲ ಯಾಕೆ ಅನ್ನಬಹುದು. ನಮ್ಮಲ್ಲೂ ಎರಡು ಇದ್ದವು. ಕಬ್ಬಿಣದ ಕಾಲಿನ ಡೆಸ್ಕಿನ ಮೇಲೆ ಒಂದು ಕಡೆ, ಕಬ್ಬಿಣದ ಗೇಟಿನ ಪಕ್ಕ ಇನ್ನೊಂದು ಕಡೆ, ಕ್ಲಿಪ್ ಇರುವ ಪರೀಕ್ಷೆಯ ರಟ್ಟಿನ ಮೇಲೆ ಮತ್ತೊಂದು ಕಡೆ ತೋರಿಸಿದವು. ನೆರಳಿನ ಗೆರೆ ಕಂಡ ಮೇಲೆ ಮಕ್ಕಳೇ ದಿಕ್ಸೂಚಿಯನ್ನು ಮೈದಾನದ ನಡುವೆ ಇಟ್ಟು ಪರೀಕ್ಷೆ ಮಾಡಿದರು.

ನಡಿಗೆಯ ದಿನ. ಎರಡೂ ದಿನ ಇಡೀ ಸುತ್ತು ನಡೆಯುವುದು, ಆದರೆ ಒಂದು ಗುಂಪಿಗೆ ಒಂದೇ ಬೀದಿಯ ಅಳತೆ. ಎಂಟರಲ್ಲಿ ಇಬ್ಬರು ಹೆಜ್ಜೆ ಎಣಿಸುವವರು, ಬೇರೆ ಬೇರೆಯಾಗಿ. ಇಬ್ಬರ ಕಲ್ಲಿನ ಲೆಕ್ಕದಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹಿಂದಕ್ಕೆ ಹೋಗಿ ಮತ್ತೆ ನಡೆಯಬೇಕು. ಎಡಗಡೆ ನೋಡುವವರಿಬ್ಬರು, ಬಲಗಡೆ ಇಬ್ಬರು, ಬರೆಯುವವರು ಇಬ್ಬರು.

ಬರೆಯುವ ಹಾಳೆಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಎ4 ಹಾಳೆಯನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿ, ನಡುವೆ ಉದ್ದಕ್ಕೂ 1 ಸೆಂ.ಮೀ. ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಆ ಎರಡು ಗೆರೆಯ ನಡುವಿನದೇ ರಸ್ತೆ. ಅದರೊಳಗೆ ಕಲ್ಲಿನ ಸಂಖ್ಯೆ, ಎಡಕ್ಕೆ ಕಂಡದ್ದು ಎಡಕ್ಕೆ, ಬಲಕ್ಕೆ ಕಂಡದ್ದು ಬಲಕ್ಕೆ. ಬರೆಯಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಭೂಮಾಪಕರ ಕ್ಷೇತ್ರಪುಸ್ತಕದಲ್ಲೂ ಹೀಗೇ. ಹಾಗೆ ಬರೆದರೆ ಹಾಳೆಯನ್ನು ಎದುರಿಗೆ ಹಿಡಿದು ನಡೆಯುವಾಗ ಮುಂದಿನದು ಮೇಲೆ ಬರುತ್ತದೆ, ಎಡ ಎಡವಾಗಿಯೇ ಉಳಿಯುತ್ತದೆ. ಮಕ್ಕಳ ಕೈ ಮೇಲಿನಿಂದ ಕೆಳಕ್ಕೆ ಬರೆಯಲು ಪಳಗಿದೆ. ಒಂದು ಗುಂಪು ಅರ್ಧ ದಾರಿ ಕೆಳಗಿನಿಂದ ಬರೆದು, ಎರಡನೇ ಹಾಳೆಯನ್ನು ಮೇಲಿನಿಂದ ಶುರು ಮಾಡಿತು. ಅವರ ಅಂಚೆ ಪೆಟ್ಟಿಗೆ, ಎರಡು ಮರ, ಒಂದು ಬೆಂಚು ನಕ್ಷೆಯಲ್ಲಿ ರಸ್ತೆ ದಾಟಿಬಿಟ್ಟವು. ಹಾಳೆಯ ಕೆಳಗಿನ ಅಂಚಿಗೆ ಮುಂಚೆಯೇ ಒಂದು ಜೊತೆ ಪಾದ, ಮೇಲಿನ ಅಂಚಿಗೆ ಬಾಣದ ಗುರುತು ಬರೆದು ಕೊಡಿ.

ಮೂಲೆಗಳಲ್ಲಿ ಇನ್ನೊಂದು ಕೆಲಸ. ರಟ್ಟನ್ನು ಫುಟ್‌ಪಾತಿನ ಮೇಲೆ ಮಲಗಿಸಿ, ಬಂದ ರಸ್ತೆಯ ದಿಕ್ಕಿಗೆ ಒಂದು ಗೆರೆ, ಹೋಗುವ ರಸ್ತೆಯ ದಿಕ್ಕಿಗೆ ಒಂದು ಗೆರೆ. ಕೋನಮಾಪಕ ಬೇಡ, ಆ ಗೆರೆಯನ್ನೇ ಕತ್ತರಿಸಿ ತಂದರೆ ಸಾಕು. ಮಕ್ಕಳಿಗೆ ಎಲ್ಲ ಮೂಲೆಯೂ ಚೌಕವೇ. ನಮ್ಮ ನಾಲ್ಕರಲ್ಲಿ ಎರಡು ಮಾತ್ರ ಹಾಗಿದ್ದವು.

ಗೇಟಿನ ಮುಂದೆ ಹತ್ತು ನಿಮಿಷ ನಿಂತು ವಾಹನ ಎಣಿಸಿದ್ದರ ಬಗ್ಗೆ ಒಂದೇ ಮಾತು. ಮೊದಲ ದಿನ 41, ಎರಡನೇ ದಿನ 14. ಸಂಖ್ಯೆ ತಿರುಗುಮುರುಗಾಗಿದೆ ಎಂದೇ ಮಕ್ಕಳು ವಾದಿಸಿದರು. ಆಗಿದ್ದೇನೆಂದರೆ ಎರಡನೇ ದಿನ ನಾವು ಅರ್ಧ ಗಂಟೆ ತಡವಾಗಿ ಹೊರಟಿದ್ದೆವು, ಕೆಲಸಕ್ಕೆ ಹೋಗುವವರೆಲ್ಲ ಹೋಗಿ ಆಗಿತ್ತು. ಎಣಿಸಿದ ಹೊತ್ತನ್ನು ಬರೆಯದ ಎಣಿಕೆಯನ್ನು ಎಸೆದುಬಿಡಿ.

ಹಾಳೆ ಕೂಡಿಸುವ ವಾರ ತಾಳ್ಮೆ ಪರೀಕ್ಷಿಸಿತು. ಪ್ರಮಾಣ 200ಕ್ಕೆ 1, ಅಂದರೆ ಒಂದು ಕಲ್ಲಿಗೆ 5 ಸೆಂ.ಮೀ. ಪ್ರತಿ ಗುಂಪು ತನ್ನ ಬೀದಿಯನ್ನು ಉದ್ದದ ಪಟ್ಟಿಯಾಗಿ ಬರೆದು ತಂದಿತು. ಮೂಲೆಯ ಕೋನ ಇಟ್ಟುಕೊಂಡು ನಾಲ್ಕನ್ನೂ ನೆಲದ ಮೇಲೆ ಜೋಡಿಸಿದರೆ, ಹೊರಟ ಗೇಟಿಗೂ ಮರಳಿ ಬಂದ ಗೇಟಿಗೂ ನಡುವೆ 12 ಸೆಂ.ಮೀ. ನೆಲದ ಮೇಲೆ 24 ಮೀಟರ್. ನಕ್ಷೆಯಲ್ಲಿ ಈಗ ಶಾಲೆಗೆ ಎರಡು ಗೇಟು. 'ಇವರದ್ದೇ ತಪ್ಪು' ಎಂಬ ಕೂಗು ಎಲ್ಲ ಕಡೆಯಿಂದ. ಒಂದು ಗುಂಪು ಕತ್ತರಿ ತಂದು ತನ್ನ ಬೀದಿಯನ್ನು ಗುಟ್ಟಾಗಿ ಕಡಿಮೆ ಮಾಡಲು ಹೊರಟಿತ್ತು.

ಇಲ್ಲಿ ಟೀಚರಿಗೆ ಬರುವ ಆಸೆಯೂ ಅದೇ: ಸಂಜೆ ಕೂತು ಸರಿಮಾಡಿ ಅಂಟಿಸಿಬಿಡೋಣ. ಬೇಡ. ಮೂರನೇ ಬೀದಿ ಏರು ಎಂದು ನೆನಪಿಸಿದ್ದು ಆ ಗುಂಪಿನ ಒಬ್ಬಳು: 'ಅಲ್ಲಿ ಕಾಲು ನೋಯ್ತಿತ್ತು ಮಿಸ್, ಸಣ್ಣ ಸಣ್ಣ ಹೆಜ್ಜೆ ಹಾಕಿದ್ವಿ.' ಅವರ ಲೆಕ್ಕ 20 ಕಲ್ಲು, ಅಂದರೆ 200 ಮೀಟರ್. 20 ಮೀಟರ್ ಹಗ್ಗ ತೆಗೆದುಕೊಂಡು ಅದೊಂದೇ ಬೀದಿಗೆ ಮತ್ತೆ ಹೋದೆವು. ಹಗ್ಗ ಒಂಬತ್ತು ಸಲ ಹಿಡಿಯಿತು, 180 ಮೀಟರ್. ಮಟ್ಟಸ ನೆಲದಲ್ಲಿ ಅರ್ಧ ಮೀಟರ್ ಇದ್ದ ಹೆಜ್ಜೆ ಏರಿನಲ್ಲಿ 45 ಸೆಂ.ಮೀ. ಆಗಿತ್ತು. 12ರಲ್ಲಿ 10 ಸೆಂ.ಮೀ. ಅಲ್ಲೇ ಇಳಿಯಿತು. ಉಳಿದ 2 ಸೆಂ.ಮೀ. ಅಂದರೆ 640 ಮೀಟರಿಗೆ 4 ಮೀಟರ್, ನೂರಕ್ಕೆ ಒಂದಕ್ಕೂ ಕಡಿಮೆ. ಅದನ್ನು ನಾಲ್ಕು ಬೀದಿಗೂ ಅರ್ಧರ್ಧ ಸೆಂ.ಮೀ. ಹಂಚಿದೆವು. ಏರಿನ ಬೀದಿಯ ಪಟ್ಟಿಯನ್ನು ಹೊಸದಾಗಿ ಬರೆಯಲಿಲ್ಲ. ಹಳೆಯದನ್ನೇ ಮಡಚಿ, ಮಡಿಕೆಯ ಮೇಲೆ 'ಇಲ್ಲಿ ಹಗ್ಗದಿಂದ ಅಳೆದದ್ದು' ಎಂದು ಬರೆಸಿದೆವು.

ಚಿಹ್ನೆಗಳನ್ನು ಮಕ್ಕಳೇ ಮಾಡಿದರು. 1 ಸೆಂ.ಮೀ. ಚೌಕದೊಳಗೆ ಹಿಡಿಯಬೇಕು, ಎರಡೇ ಬಣ್ಣ, ಬೇರೆ ಗುಂಪಿನವರು ಕೇಳದೆ ಗುರುತಿಸಬೇಕು, ಇವಿಷ್ಟೇ ಷರತ್ತು. ಯಾರ ಮನೆ ಯಾವುದು ಎಂದು ಹೆಸರು ಬರೆಯಲು ಬಿಡಲಿಲ್ಲ. ನಕ್ಷೆ ತೂಗುಹಾಕುವುದು ಹೊರಗಿನವರು ಓಡಾಡುವ ಮೊಗಸಾಲೆಯಲ್ಲಿ, ಯಾವ ಮಗು ಎಲ್ಲಿ ಇರುತ್ತದೆ ಎಂಬುದು ಅಲ್ಲಿ ಬೇಡ.

ಹಳೆಯ ಕಾಲದ ಬೀದಿಯನ್ನು ತಿಳಿಯಲು ಇಬ್ಬರು ಹಿರಿಯರನ್ನು ತರಗತಿಗೇ ಕರೆದೆವು. ಪ್ರಶ್ನೆಗಳನ್ನು ಮುಂಚೆ ಬರೆಸಿ, ಅಭ್ಯಾಸ ಮಾಡಿಸಿದ್ದರಿಂದ ಬದುಕಿದೆವು. ಮೊದಲ ಕರಡಿನಲ್ಲಿ 'ತಾತ, ಆಗ ಈ ರಸ್ತೆ ಇತ್ತಾ?' ಎಂಬಂಥವೇ ಇದ್ದವು. ಉತ್ತರ 'ಇತ್ತಪ್ಪ', ಮುಗಿಯಿತು. ಬದಲಾಯಿಸಿದ ಪ್ರಶ್ನೆ: 'ಅಜ್ಜಿ, ನೀವು ಶಾಲೆಗೆ ಹೋಗುವಾಗ ದಾರಿಯಲ್ಲಿ ಏನೇನು ಸಿಗ್ತಿತ್ತು?' ಅದಕ್ಕೆ ಇಪ್ಪತ್ತು ನಿಮಿಷದ ಉತ್ತರ ಬಂತು. ನೀರಿನ ಟ್ಯಾಂಕ್ ಮೊದಲೋ ರಸ್ತೆ ಅಗಲವಾದದ್ದು ಮೊದಲೋ ಎಂಬುದರಲ್ಲಿ ಇಬ್ಬರೂ ಒಪ್ಪಲಿಲ್ಲ. ಟ್ಯಾಂಕಿನ ಮೇಲಿನ ಕಲ್ಲಿನಲ್ಲಿ ಇಸವಿ ಇದೆ ಎಂದು ನಡಿಗೆಯ ದಿನ ನೋಡಿದ್ದವರು ಟಿಪ್ಪಣಿ ತೆಗೆದು ಓದಿದರು. ಕಾಲವನ್ನು ತೋರಿಸಲು ಗೋಡೆಗೆ ದಾರ ಕಟ್ಟಿದ್ದೆವು, ಹತ್ತು ವರ್ಷಕ್ಕೆ 25 ಸೆಂ.ಮೀ. ಎಪ್ಪತ್ತು ವರ್ಷದ ಅಜ್ಜಿಯ ದಾರ 175 ಸೆಂ.ಮೀ., ಎಂಟು ವರ್ಷದವರದು 20. ತಮ್ಮ ತುಂಡಿನ ಪಕ್ಕ ಗೇಣು ಹಾಕಿ ನೋಡಿದ ಮಕ್ಕಳು ಹಿಂದಕ್ಕೆ ಸರಿದು ಅಜ್ಜಿಯದರ ತುದಿ ಹುಡುಕಿದರು.

ಸಾಮಗ್ರಿಯ ಲೆಕ್ಕ ಕೇಳುವವರಿಗೆ: ಎ4 ಹಾಳೆ ಒಟ್ಟು 140, ದಪ್ಪ ಡ್ರಾಯಿಂಗ್ ಹಾಳೆ 14, ಹಳೆಯ ರಟ್ಟಿನ ಪೆಟ್ಟಿಗೆ ಆರು, ಹಗ್ಗ 20 ಮೀಟರ್, ಪೆನ್ಸಿಲನ್ನು ರಟ್ಟಿಗೆ ಕಟ್ಟಲು ದಾರ. ಕಟ್ಟದ ಪೆನ್ಸಿಲು ಮೊದಲ ಬೀದಿಯಲ್ಲೇ ಚರಂಡಿ ಸೇರುತ್ತದೆ.

ಕೊನೆಯ ದಿನ ಮತ್ತೆ ಒಂದು ಖಾಲಿ ಹಾಳೆ, 20 ನಿಮಿಷ, ಅದೇ ಮಾತು: ಮನೆಯಿಂದ ಶಾಲೆಗೆ ಬರುವ ದಾರಿ. ಬರೆದು ಮುಗಿಸಿದ ಮೇಲೆಯೇ ಮೊದಲನೆಯದನ್ನು ಕವರಿನಿಂದ ತೆಗೆದು ಪಕ್ಕಕ್ಕೆ ಕೊಟ್ಟೆವು. ತಿರುವುಗಳು ಬಂದಿವೆ, ಮನೆಗಳು ಚಾವಣಿಯಾಗಿ ಮಲಗಿವೆ. ನಾಲ್ವರ ಹಾಳೆಯಲ್ಲಿ ಇನ್ನೂ ತಲೆಕೆಳಗು ಮರಗಳಿವೆ, ಅವರೊಂದಿಗೆ ಬಾಟಲಿಯ ಆಟ ಇನ್ನೊಮ್ಮೆ ಆಡಬೇಕು. ವಾಹನದಲ್ಲಿ ಬರುವವರಲ್ಲಿ ಕೆಲವರು ಈಗ ಕಿಟಕಿಯಿಂದ ನೋಡಿ ಎಣಿಸಿದ ತಿರುವುಗಳನ್ನು ಹಾಕಿದ್ದಾರೆ, ಉದ್ದ ಮಾತ್ರ ಅಂದಾಜು. ನಾಯಿಗಳ ಹುಡುಗಿಯ ಹಾಳೆಯಲ್ಲಿ ಗೋಡೆ ಈಗ ಬರೀ ಒಂದು ದಪ್ಪ ಗೆರೆ, ರಸ್ತೆಯ ಎಡಕ್ಕೆ, ಮನೆಯಿಂದ ಆರು ಕಲ್ಲು ದೂರದಲ್ಲಿ. ಅದರ ಪಕ್ಕ 1 ಸೆಂ.ಮೀ.ನ ಮೂರು ಚೌಕ, ಮೇಲಿನಿಂದ ನೋಡಿದ ಹಾಗೆ ಸುರುಳಿ ಸುತ್ತಿ ಮಲಗಿದ ಮೂರು ನಾಯಿ, ಮೂರಕ್ಕೂ ಅವೇ ಬೇರೆ ಬೇರೆ ಚುಕ್ಕೆ.